ಮೂರನೇ ಸುತ್ತಿಗೆ ಬಿಗಿಯಾದ ಬೋಲ್ಟು

ಹಾನಗಲ್ಲಿನ ಬಸ್ ನಿಲ್ದಾಣದ ಹಿಂದೆ ಉಡಚಪ್ಪನದೊಂದು ತಗಡಿನ ಅಂಗಡಿಯಿದೆ. ಅಲ್ಲಿಗೆ ಗಾಡಿ ಒಯ್ದವರಿಗೆ ಒಂದು ಕಾಟ ತಪ್ಪಿದ್ದಲ್ಲ. ಬಾನೆಟ್ಟಿಗೆ ಕೈ ಹಚ್ಚುವ ಮೊದಲು ಉಡಚಪ್ಪ ತಾನು ಒಮ್ಮೆ ಮಾಡಿದ ತಪ್ಪಿನ ಕತೆಯನ್ನು ಮೊದಲಿನಿಂದ ಹೇಳಿಯೇ ತೀರುತ್ತಾನೆ. "ಮಾರಾಯಾ, ಇದನ್ನ ಹತ್ತ ಸಲ ಕೇಳೇವಿ, ಈಗ ಗಾಡಿ ನೋಡು" ಎಂದರೂ ಬಿಡುವವನಲ್ಲ. "ಹನ್ನೊಂದನೇ ಸಲ ಕೇಳ್ರಿ, ಕಿವಿ ಏನ್ ಸವೀತಾವ?" ಎನ್ನುತ್ತಾನೆ. ಎಲ್ಲರೂ ತಮ್ಮ ಹೆಚ್ಚುಗಾರಿಕೆ ಕೊಚ್ಚಿಕೊಂಡು ಗಿರಾಕಿ ಹಿಡಿಯುವ ಈ ಎಂಬತ್ತಾರನೇ ಇಸವಿಯಲ್ಲಿ ಇಂಥ ತಲೆತಿರುಕ ಇನ್ನೊಬ್ಬ ಸಿಕ್ಕಾನೆಯೇ! ಆದರೆ ಶಿಗ್ಗಾಂವಿಯಿಂದಲೋ ಹಿರೇಕೆರೂರಿನಿಂದಲೋ, ಬೇರೆಯವರು ಕೈಬಿಟ್ಟ ಎಂಜಿನ್ನು ಬರುವುದು ಇವನ ಬಾಗಿಲಿಗೇ. ಥ್ರೆಡ್ಡು ಕಿತ್ತುಹೋದ ಎಂಜಿನ್ನನ್ನು ಬದುಕಿಸುವುದು ಅವನ ಕಸುಬು.

ಥ್ರೆಡ್ಡು ಎಂದರೆ ಬೋಲ್ಟಿನ ಮೈಗೆ ಬಳ್ಳಿಯ ಹಾಗೆ ಸುತ್ತಿಕೊಂಡು ಹೋಗುವ ಏಣು. ಬೋಲ್ಟು ಹೋಗಿ ಕೂರುವ ತೂತಿನ ಒಳಗೂ ಅದಕ್ಕೆ ತಕ್ಕ ತೋಡು ಇರುತ್ತದೆ. ಒಂದು ಸುತ್ತಿನಿಂದ ಮುಂದಿನ ಸುತ್ತಿಗೆ ಇರುವ ಅಂತರಕ್ಕೆ ಪಿಚ್ಚು ಎನ್ನುತ್ತಾರೆ. ಎರಡರ ಪಿಚ್ಚೂ ಒಂದೇ ಇದ್ದರೆ ಬೋಲ್ಟು ಬೆರಳಿನಲ್ಲೇ ಸರಸರ ಇಳಿಯುತ್ತದೆ. ಕೂದಲೆಳೆಯಷ್ಟು ಬೇರೆ ಇತ್ತೋ, ಎರಡು ಸುತ್ತು ಹೋಗಿ ಮೂರನೆಯದಕ್ಕೆ ನಿಲ್ಲುತ್ತದೆ. ನಿಂತಲ್ಲೇ ತೆಗೆದರೆ ಬಚಾವು. ಜೋರು ಮಾಡಿದರೆ ಒಳಗಿನ ತೋಡೆಲ್ಲ ಹರಿದು ಪುಡಿ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುವುದು ಇದಕ್ಕೇ. ಇವತ್ತು ಉಡಚಪ್ಪ ಬೋಲ್ಟಿನ ಮೇಲೆ ಹೆಬ್ಬೆರಳಿನ ಉಗುರು ಎಳೆದು, ಇದು ಜೀಪಿನದು, ಇದು ಅಂಬಾಸಡರಿನದು ಎಂದು ಕಣ್ಣು ಮುಚ್ಚಿ ಹೇಳುತ್ತಾನೆ. ಆ ಉಗುರಿಗೆ ಬುದ್ಧಿ ಬರುವ ಮೊದಲು ಅವನೂ ದೊಣ್ಣೆಯೇ ಆಗಿದ್ದ.

ಅವನು ಹಿರೇಕೆರೂರು ತಾಲೂಕಿನ ಮಾಸೂರಿನವನು. ಅವ್ವ ಗುತ್ತೆವ್ವ ಮದಗದ ಕೆರೆಯ ಬುಡದ ಗದ್ದೆಗಳಲ್ಲಿ ಮಂದಿಯ ನಾಟಿ ಹಚ್ಚಿ, ಮಂದಿಯ ಸುಗ್ಗಿ ಮಾಡಿ ಮಗನನ್ನು ಬೆಳೆಸಿದಳು. ಕಾಲುವೆ ಕೆಲಸದ ಗುತ್ತಿಗೆದಾರನೊಬ್ಬನ ಹಳೆಯ ಜೀಪು ದಿನಾ ಬೆಳಿಗ್ಗೆ ನೂಕದೆ ಚಾಲೂ ಆಗುತ್ತಿರಲಿಲ್ಲ. ನೂಕಲು ಹೋದ ಉಡಚಪ್ಪ ಅದರ ಹೊಟ್ಟೆಯೊಳಗೇನಿದೆ ಎಂದು ಇಣುಕಿ ಇಣುಕಿ ಕೊನೆಗೆ ಅದರ ಮಿಸ್ತ್ರಿಯೇ ಆದ. ಎಪ್ಪತ್ಮೂರರಲ್ಲಿ ಹಾನಗಲ್ಲಿಗೆ ಬಂದು ಮುನಾಫನ ಗ್ಯಾರೇಜು ಸೇರಿದ. "ನನ್ನ ಮಗಾ ರಾಡಿಯಾಗಿಂದ ಎದ್ದು ಗ್ರೀಸಿನಾಗ ಬಿದ್ದಾನ್ರಿ" ಎಂದು ಗುತ್ತೆವ್ವ ಊರೆಲ್ಲ ಹೇಳಿಕೊಂಡು ತಿರುಗಿದಳು. ಬೈದದ್ದಲ್ಲ, ಹೊಗಳಿದ್ದು.

ಮುನಾಫನಲ್ಲಿಗೆ ಬರುತ್ತಿದ್ದದ್ದು ಜೀಪು, ಲಾರಿ, ಎಂದಾದರೊಮ್ಮೆ ಅಂಬಾಸಡರು. ಎಲ್ಲ ಬೀಡಿನ, ಅಂದರೆ ಎರಕದ ಕಬ್ಬಿಣದ ಎಂಜಿನ್ನು, ಎಲ್ಲ ಇಂಚಿನ ಲೆಕ್ಕದ ಬೋಲ್ಟು. ತುಕ್ಕು ಹಿಡಿದು ಬಿಗಿಯಾದರೆ ಪಾನಾದ, ಅಂದರೆ ಸ್ಪ್ಯಾನರಿನ, ಹಿಡಿಗೆ ಒಂದು ಪೈಪು ಸಿಕ್ಕಿಸಿ ಮೈಯೆಲ್ಲ ಭಾರ ಹಾಕಿ ಜಗ್ಗುವುದೇ ಅಲ್ಲಿನ ಶಾಸ್ತ್ರ. ಬೀಡು ಗಟ್ಟಿ, ಜಗ್ಗಿದರೂ ತಡೆದುಕೊಳ್ಳುತ್ತಿತ್ತು. ಉಡಚಪ್ಪನ ಕೈ ಕಲಿತದ್ದೂ ಅದನ್ನೇ.

ಊರಿನಲ್ಲಿ ಒಂದು ಕಾರು ಮಾತ್ರ ಬೇರೆ ಜಾತಿಯದು. ಡಾಕ್ಟರ್ ವಿಮಲಾಬಾಯಿಯವರ ಫಿಯಟ್ಟು. ಶಾಸ್ತ್ರ ಓದಿದ ಪಂಡಿತರ ಮನೆಯ ಹೆಣ್ಣುಮಗಳು, ಧಾರವಾಡದಿಂದ ಬಂದು ಹಾನಗಲ್ಲಿನಲ್ಲಿ ದವಾಖಾನೆ ಇಟ್ಟಿದ್ದರು. ಸೆರಗು ಸೊಂಟಕ್ಕೆ ಸಿಕ್ಕಿಸಿ ತಾವೇ ಕಾರು ಓಡಿಸುತ್ತಿದ್ದರು. ಪ್ರತಿ ಬುಧವಾರ ಔಷಧದ ಎರಡು ಪೆಟ್ಟಿಗೆ ಹಿಂದೆ ಇಟ್ಟುಕೊಂಡು ಶಿಗ್ಗಾಂವಿ ತಾಲೂಕಿನ ದುಂಡಸಿಗೆ ಹೋಗಿ ಚಾವಡಿಯಲ್ಲಿ ಕೂತು ರೋಗಿಗಳನ್ನು ನೋಡುತ್ತಿದ್ದರು. ಬಸ್ಸು ಶಿಗ್ಗಾಂವಿ ಸುತ್ತಿ ಮುಟ್ಟುವಷ್ಟರಲ್ಲಿ ಹೊತ್ತು ನೆತ್ತಿ ದಾಟುತ್ತಿತ್ತು. ಪೆಟ್ಟಿಗೆ ಹೊತ್ತು ಅದರಲ್ಲಿ ಹೋಗಿಬರುವುದು ಆಗದ ಮಾತು.

ಎಪ್ಪತ್ತೇಳರ ಒಂದು ಬುಧವಾರ ಬೆಳಿಗ್ಗೆ ಆ ಫಿಯಟ್ಟು ನೀರು ಸೋರುತ್ತಾ ಗ್ಯಾರೇಜಿಗೆ ಬಂತು. ಎಂಜಿನ್ನಿನ ತಲೆಯಿಂದ, ಅಂದರೆ ಹೆಡ್ಡಿನಿಂದ, ಬಿಸಿನೀರು ಹೊರಬರುವ ಕಡೆ ಮೊಣಕೈಯಂಥ ಒಂದು ಕೊಳವೆ ಇರುತ್ತದೆ. ಅದರ ಬೋಲ್ಟು ಬಿಚ್ಚಿ, ನಡುವಿನ ಪ್ಯಾಕಿಂಗು ಬದಲಿಸಿದರಾಯಿತು. ಮುನಾಫ ಇರಲಿಲ್ಲ. ಉಡಚಪ್ಪ ಬಿಚ್ಚಿದ, ಬದಲಿಸಿದ, ವಾಪಸು ಜೋಡಿಸುವಾಗ ಒಂದು ಬೋಲ್ಟು ಬೆರಳಿನಿಂದ ಜಾರಿ ಪಕ್ಕದ ಗಟಾರಕ್ಕೆ ಬಿತ್ತು.

ಕೈ ಹಾಕಿ ಹುಡುಕಿದ್ದರೆ ಐದು ನಿಮಿಷದ ಕೆಲಸ. ಆದರೆ ಮಾಸೂರಿನಲ್ಲಿ ಅವನ ಕೇರಿಯವರನ್ನು ಊರು ಕರೆಯುತ್ತಿದ್ದದ್ದೇ ಅಂಥ ಕೆಲಸಕ್ಕೆ. ಪಾನಾ ಹಿಡಿದ ದಿನವೇ ಅವನು ಇನ್ನು ಯಾರ ಗಟಾರಕ್ಕೂ ಕೈ ಹಾಕುವುದಿಲ್ಲ ಎಂದು ಆಣೆ ಇಟ್ಟುಕೊಂಡಿದ್ದ. ಅದರ ಮೇಲೆ, ಪಂಡಿತರ ಮನೆಯ ಡಾಕ್ಟರು ಎದುರಿಗೇ ನಿಂತು ಗಡಿಯಾರ ನೋಡಿಕೊಳ್ಳುತ್ತಿದ್ದರು. ಅವನು ಬಾಯಿ ಬಿಡಲಿಲ್ಲ. ಜೀಪಿನ ಬೋಲ್ಟಿನ ಡಬ್ಬಿ ಕೆದಕಿ ಒಂದನ್ನು ಆರಿಸಿದ. ದಪ್ಪ ಅಷ್ಟೇ, ಉದ್ದ ಅಷ್ಟೇ, ಅದೇ ಪಾನಾ ಕೂಡ ತಲೆಗೆ ಕೂತಿತು. ಎರಡು ಸುತ್ತು ಹಗುರಾಗಿ ಹೋಯಿತು. ಮೂರನೆಯದಕ್ಕೆ ನಿಂತಿತು. ಉಡಚಪ್ಪ ಪಾನಾ ಹಚ್ಚಿ ಜಗ್ಗಿದ. ಬೀಡಿಗೆ ರೂಢಿಯಾದ ಕೈಗೆ ಕೆಳಗಿರುವುದು ಮೆತ್ತನೆಯ ಅಲ್ಯೂಮಿನಿಯಂ ಅನ್ನುವುದು ನೆನಪಾಗಲಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ನಮ್ಮ ಉಡಚಪ್ಪನದು ಒಂದು ಬೋಲ್ಟಿಗೆ ಹೋಯಿತು.

ದುಂಡಸಿ ಇನ್ನೆರಡು ಮೈಲು ಇರುವಾಗ ಎಂಜಿನ್ನು ಕಾದು, ಆ ಬೋಲ್ಟು ತೂತಿನ ತೋಡುಗಳನ್ನೇ ಕಿತ್ತುಕೊಂಡು ಹೊರಗೆ ಹಾರಿತು. ಬಿಸಿನೀರು ಬುಗ್ಗೆಯೆದ್ದಿತು. ವಿಮಲಾಬಾಯಿ ತಕ್ಷಣ ಎಂಜಿನ್ನು ನಿಲ್ಲಿಸಿದ್ದರಿಂದ ಉಳಿದದ್ದು ಉಳಿಯಿತು. ಅವರು ಬಿಸಿಲಿನಲ್ಲಿ ನಡೆದು ದುಂಡಸಿ ಮುಟ್ಟುವ ಹೊತ್ತಿಗೆ ಕಾದು ಕಾದು ಬೇಸತ್ತ ಮಂದಿ ಮನೆಗೆ ಹೋಗಿತ್ತು. ಕಾರು ಮರುದಿನ ಟ್ರ್ಯಾಕ್ಟರಿಗೆ ಕಟ್ಟಿಸಿಕೊಂಡು ಹಾನಗಲ್ಲಿಗೆ ಬಂತು.

ಮುನಾಫ ತೂತಿನ ಬಾಯಿಗೆ ಬೆರಳು ಒತ್ತಿ ತೆಗೆದ. ಬೆರಳಿಗೆ ಅಲ್ಯೂಮಿನಿಯಮ್ಮಿನ ಚೂರು ಹತ್ತಿಕೊಂಡಿತ್ತು. ಅವನಿಗೆ ಎಲ್ಲ ತಿಳಿಯಿತು. "ಬಾಯಿ ಮುಚ್ಚಿಕೊಂಡಿರು" ಎಂದ ಮೆಲ್ಲಗೆ. "ಗಾಡಿ ಹಳೇದು, ಹೆಡ್ಡು ಸವದೈತಿ, ಹೊಸಾದು ತರಸ್ರಿ ಅಂತ ಹೇಳಿ ಕಳಸ್ತೇನಿ." ಹೊಸ ಹೆಡ್ಡು ಮುಂಬಯಿಯಿಂದ ಬರಬೇಕು, ಬರೆದು ಹಾಕಿದರೆ ಆರು ತಿಂಗಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ಮುನಾಫ ಕೆಟ್ಟವನಲ್ಲ, ಹೆದರಿದವನು. ಡಾಕ್ಟರ ಗಾಡಿ ಕೆಡಿಸಿದ ಗ್ಯಾರೇಜು ಎಂದು ಹೆಸರಾದರೆ ಯಾರು ಬಂದಾರು?

ಉಡಚಪ್ಪ ಮಧ್ಯಾಹ್ನ ಮನೆಗೆ ಹೋಗಿ ಊಟದ ತಾಟು ಮುಟ್ಟದೆ ಕೂತ. ಹೆಂಡತಿ ಶಂಕ್ರವ್ವ ಕೇಳಿ ಕೇಳಿ ಬಾಯಿ ಬಿಡಿಸಿದಳು. ಬಿಡಿಸಿ, ರೊಟ್ಟಿ ಬಡಿಯುವ ಕೈ ನಿಲ್ಲಿಸದೆ ಹೇಳಿದಳು: "ಆರ ತಿಂಗಳ ದುಂಡಸಿ ಮಂದಿ ಯಾವ ಡಾಕ್ಟರ ಹಂತ್ಯಾಕ ಹೋಗಬೇಕ್ರಿ? ಹೋಗಿ ಹೇಳ್ರಿ. ಬೈದ್ರ ಬೈಸಿಕೊಂಡ ಬರ್ರಿ. ಬೈಗುಳೇನ ಮೈಗೆ ಹತ್ತತಾವ?"

ಅವನು ಉಂಡು ಹೋಗಲಿಲ್ಲ, ಹೋಗಿ ಬಂದು ಉಣ್ಣುತ್ತೇನೆ ಎಂದು ಎದ್ದ. ದವಾಖಾನೆಯಲ್ಲಿ ವಿಮಲಾಬಾಯಿ ಕೈ ತೊಳೆಯುತ್ತಿದ್ದರು.

"ಬಾಯಾರ, ಗಾಡಿ ಹಳೇದಾಗಿ ಕೆಟ್ಟಿಲ್ರಿ. ನಾ ಕೆಡಸೇನ್ರಿ."

ಅವರು ಟವೆಲಿಗೆ ಕೈ ಒರೆಸಿಕೊಂಡು ರೋಗಿಯ ಸ್ಟೂಲು ತೋರಿಸಿದರು. "ಕೂಡು. ಏನಾತು, ಮೊದಲಿಂದ ಹೇಳು."

ಅವನು ಗಟಾರ, ಡಬ್ಬಿ, ಪಾನಾ ಎಲ್ಲ ಹೇಳಿದ.

"ಬಿಗಿ ಆದಾಗ ನಿನ್ನ ಕೈಗೆ ತಿಳೀಲಿಲ್ಲೇನು?"

"ತಿಳೀತ್ರಿ. ತಿಳದೂ ಜಗ್ಗಿದೆ."

ಅವರಿಗೆ ಸಿಟ್ಟು ಬಂದಿತ್ತು, ಸುಳ್ಳೇಕೆ ಹೇಳಬೇಕು. "ನಿನಗ ನಾಚಿಕಿ ಬಂತು, ಅಲ್ಲಿ ನನ್ನ ಪೇಷಂಟುಗಳು ಬಿಸಲಾಗ ಕೂತು ಎದ್ದು ಹೋದ್ರು. ಗಟಾರಕ್ಕ ಕೈ ಹಾಕಂತ ನಾ ಹೇಳ್ತಿದ್ದೆನೇನು? ಬೋಲ್ಟು ಬಿದ್ದದ ಅಂತ ಒಂದು ಮಾತು ಅಂದಿದ್ದರ ನನ್ನ ಚಿಮಟಾನ ಕೊಡ್ತಿದ್ದೆ." ಟವೆಲನ್ನು ಮೊಳೆಗೆ ಹಾಕಿ ಕೇಳಿದರು: "ಹೊಸಾದು ತರದ ಇದನ್ನ ಸುದ್ದ ಮಾಡ್ಲಿಕ್ಕೆ ಬರ್ತದೋ ಇಲ್ಲೋ?"

"ನನಗ ಬರೂದಿಲ್ರಿ. ಸವಣೂರಾಗ ಇಸ್ಮಾಯಿಲಸಾಬ ಅಂತ ಇದ್ದಾರ್ರಿ, ಹರದ ಥ್ರೆಡ್ಡು ಕೂಡಸ್ತಾರ ಅಂತ ಕೇಳೇನಿ."

"ಹಂಗಾರ ನೀ ಹೋಗಿ ಕಲ್ತು ಬಾ. ಕೆಡಿಸಿದಾಂವ ನೀನ, ಸುದ್ದ ಮಾಡಾಂವನೂ ನೀನ. ಗಾಡಿ ದುಂಡಸಿ ಮುಟ್ಟಲಿ. ನಿನ್ನ ಕೈಗೆ ಇನ್ನ ಮುಂದ ಗಾಡಿ ಕೊಡಬೇಕೋ ಬ್ಯಾಡೋ, ಆವಾಗ ಹೇಳ್ತೇನಿ."

ಸುದ್ದಿ ಮುನಾಫನಿಗೆ ಮುಟ್ಟಿತು. ತನ್ನನ್ನು ಸುಳ್ಳುಗಾರ ಮಾಡಿದನೆಂದು ಅವನು ಕೆಂಡವಾದ. "ಬಾಯಾರು ಒಪ್ಪಿದ್ರ ನನ್ನ ಗ್ಯಾರೇಜಿಗೆ ಬಾ. ಒಪ್ಪಲಿಲ್ಲಾ, ಮಾಸೂರಿಗೆ ಹೋಗಿ ಅವ್ವನ ಸಂಗಾಟ ನಾಟಿ ಹಚ್ಚು. ಈ ಊರಾಗ ಪಾನಾ ಮುಟ್ಟಬ್ಯಾಡ." ಉಡಚಪ್ಪನಿಗೆ ನಾಟಿಯ ಅಂಜಿಕೆಯಿರಲಿಲ್ಲ. ಎಂಜಿನ್ನು ಬಿಟ್ಟು ಬದುಕುವುದು ಹೇಗೆ ಎನ್ನುವುದೇ ಅವನಿಗೆ ತಿಳಿಯಲಿಲ್ಲ.

ಇಸ್ಮಾಯಿಲಸಾಬರ ಲೇತು ಸವಣೂರಿನ ಎಲೆ ಪೇಟೆಯ ಓಣಿಯಲ್ಲಿತ್ತು. ಹುಬ್ಬಳ್ಳಿಯ ಗಿರಣಿಯೊಂದರಲ್ಲಿ ಮೂವತ್ತು ವರ್ಷ ದುಡಿದು ಬಂದ ಮುದುಕರು, ಬಾಯಿ ತುಂಬ ಎಲೆ, ಮಾತು ತುಂಬ ಖಾರ. ಉಡಚಪ್ಪ ತನ್ನ ತಪ್ಪನ್ನು ಹೇಳಿಕೊಂಡ.

"ಎಷ್ಟ ದಿನಾ ಇರ್ತಿ?"

"ಕಲಿಯೂ ತನಕಾ ಇರ್ತೇನ್ರಿ."

"ಅಂದ್ರ ನಾ ಸಾಯೂ ತನಕಾ!" ಎಂದು ನಕ್ಕು, ಒಂದು ಗೋಣಿಚೀಲ ಬೋಲ್ಟು ಅವನ ಮುಂದೆ ಸುರಿದರು. ಜೊತೆಗೆ ಬಟ್ಟೆ ತೊಳೆಯುವ ಸಾಬೂನಿನ ಒಂದು ಬಾರು.

ಬೋಲ್ಟನ್ನು ಸಾಬೂನಿನ ಮೇಲೆ ಮಲಗಿಸಿ ಒತ್ತಬೇಕು. ಸಾಲಾಗಿ ಗೆರೆ ಮೂಡುತ್ತವೆ. ಸ್ಕೇಲು ಇಟ್ಟು ಇಂಚಿಗೆ ಎಷ್ಟು ಗೆರೆ ಎಂದು ಎಣಿಸಬೇಕು. ಜೀಪಿನ ಆ ಹಾಳು ಬೋಲ್ಟಿನಂಥದಕ್ಕೆ ಹದಿನೆಂಟು ಬಂತು. ಅದೇ ದಪ್ಪದ ಅಂಬಾಸಡರಿನ ಬೋಲ್ಟಿಗೆ ಇಪ್ಪತ್ನಾಲ್ಕು. ಆ ಕೊಳವೆಯಿಂದ ಬಿಚ್ಚಿ ತಂದಿದ್ದ ಫಿಯಟ್ಟಿನ ಇನ್ನೊಂದು ಬೋಲ್ಟಿಗೆ ಇಪ್ಪತ್ತು ಮುಗಿದು ಇನ್ನೂ ಚೂರು ಉಳಿಯಿತು. ಉಡಚಪ್ಪ ನಾಲ್ಕು ಸಲ ಎಣಿಸಿದ.

"ಚೂರು ಉಳೀತಂದ್ರ ಅದು ಇಂಚಿನ ಲೆಕ್ಕದ್ದಲ್ಲ" ಎಂದರು ಇಸ್ಮಾಯಿಲಸಾಬರು. "ಸ್ಕೇಲ್ ತಿರಿವಿ ಮಿಲಿಮೀಟರಿನಾಗ ಅಳಿ." ಅಳೆದರೆ ಹತ್ತು ಗೆರೆಗೆ ಸರಿಯಾಗಿ ಹನ್ನೆರಡೂವರೆ ಮಿಲಿಮೀಟರು. "ಜೀಪ್ ಅಮೆರಿಕಾದ್ದು, ಅಂಬಾಸಡರ ಇಂಗ್ಲೆಂಡಿಂದು, ಫಿಯಟ್ಟು ಇಟಲೀದು. ಒಬ್ಬರ ಮನಿ ಬೋಲ್ಟು ಇನ್ನೊಬ್ಬರ ಮನಿಗೆ ಹೊಂದೂದಿಲ್ಲ."

"ಏನ್ರಿ ಉಸ್ತಾದ್, ಬೋಲ್ಟಿನಾಗೂ ಜಾತಿ ಐತೇನ್ರಿ?"

"ಜಾತಿ ಇರಬೇಕಾದ್ದು ಬೋಲ್ಟಿನಾಗ, ಬೇಟಾ. ಮನಷ್ಯಾರಾಗ ಇಟ್ಟು ಹಾಳಾಗೇವಿ."

ಉಡಚಪ್ಪ ನಕ್ಕ. ನಕ್ಕವನು ಆಮೇಲೆ ತಲೆಯೆತ್ತದೆ ಇನ್ನೊಂದು ಬೋಲ್ಟು ಸಾಬೂನಿಗೆ ಒತ್ತಿದ. ಆ ಮನೆಯಲ್ಲಿ ಇಸ್ಮಾಯಿಲಸಾಬರ ಹೆಂಡತಿ ನೂರಜಹಾನ ಗಂಡನ ತಾಟಿನ ಪಕ್ಕಕ್ಕೇ ಅವನ ತಾಟು ಇಡುತ್ತಿದ್ದಳು. ನಾಚಿಕೊಂಡರೆ "ಉಣ್ಣಪಾ, ಬೋಲ್ಟು ತಿಂದ್ರ ಹೊಟ್ಟಿ ತುಂಬೂದಿಲ್ಲ" ಎಂದು ಗದರುತ್ತಿದ್ದಳು. ಒಂಬತ್ತು ವರ್ಷವಾದರೂ ಆ ತಾಯಿಯ ಹೆಸರೆತ್ತಿದರೆ ಉಡಚಪ್ಪ "ಆಕಿ ಋಣಾ ಈ ಜನ್ಮದಾಗ ಹರಿಯೂದಿಲ್ಲ" ಎನ್ನುತ್ತಾನೆ.

ಎಂಟು ದಿನ ಬರೀ ಸಾಬೂನು. ಒಂಬತ್ತನೆಯ ದಿನ ಟ್ಯಾಪು ಕೈಗೆ ಬಂತು. ತೂತಿನೊಳಗೆ ಹೊಸ ತೋಡು ಕೊರೆಯುವ ಉಕ್ಕಿನ ಕಡ್ಡಿ ಅದು. ಹಳೆಯ ಅಲ್ಯೂಮಿನಿಯಮ್ಮಿನ ತುಂಡಿನ ಮೇಲೆ ಸೀಮೆಎಣ್ಣೆ ಬಿಟ್ಟು, ಮೂಲೆಮಟ್ಟದ ಗುಣ್ಯಾ ಹಿಡಿದು ಟ್ಯಾಪು ನೆಟ್ಟಗಿದೆಯೇ ಎಂದು ನೋಡಿ, ಅರ್ಧ ಸುತ್ತು ಮುಂದೆ ತಿರುಗಿಸಿದರೆ ಕಾಲು ಸುತ್ತು ಹಿಂದೆ ತರಬೇಕು. ಹಿಂದೆ ತರದಿದ್ದರೆ ಕೊರೆದ ಚೂರು ಸಿಕ್ಕಿಕೊಂಡು ಟ್ಯಾಪೇ ಮುರಿಯುತ್ತದೆ. ಮುಂದೆ ಹೋಗುವುದೊಂದೇ ಗೊತ್ತಿದ್ದ ಉಡಚಪ್ಪ ಮೊದಲ ದಿನವೇ ಒಂದನ್ನು ಮುರಿದ. ಬೈಗುಳದ ಮಳೆಯಾಯಿತು. "ಬೆರಳಿನಾಗ ಇಳಿಯಲಾರದ ಬೋಲ್ಟಿಗೆ ಪಾನಾ ತೋರಸಬ್ಯಾಡ!" ಎಂದು ಇಸ್ಮಾಯಿಲಸಾಬರು ಅವನಿಂದ ಹತ್ತು ಸಲ ಹೇಳಿಸಿದರು. ಬೈದು ಮುಗಿಸಿ ತಮ್ಮ ಪೆಟ್ಟಿಗೆಯಿಂದ ಇನ್ನೊಂದು ಟ್ಯಾಪು ತೆಗೆದುಕೊಟ್ಟರು. ಆ ಅಳತೆಯದು ಇದ್ದದ್ದು ಅದೊಂದೇ.

ಕೊನೆಗೆ ಇಬ್ಬರೂ ಕೂಡಿ ಲೇತಿನ ಮೇಲೆ ಒಂದು ಹಿತ್ತಾಳೆಯ ಬುಶ್ಶು ಮಾಡಿದರು. ಕೆಟ್ಟ ತೂತನ್ನು ಅಗಲ ಮಾಡಿ ಅದರೊಳಗೆ ತಿರುಗಿಸಿ ಕೂರಿಸುವ ಗಿಡ್ಡ ಕೊಳವೆ. ಲೇತು ಇಂಚಿನದಾದ್ದರಿಂದ ಹೊರಮೈಗೆ ಇಂಚಿನ ಥ್ರೆಡ್ಡು ಹಾಕಿದರು, ಒಳಗೆ ಫಿಯಟ್ಟಿನ ಬೋಲ್ಟಿಗೆ ಒಪ್ಪುವ ಮಿಲಿಮೀಟರಿನದು. "ಹೊರಗ ಇಂಗ್ಲೆಂಡು, ಒಳಗ ಇಟಲಿ" ಎಂದು ಮುದುಕರು ಹಿಗ್ಗಿದರು. ಮೂರನೆಯ ವಾರದ ಕೊನೆಗೆ ಟ್ಯಾಪುಗಳನ್ನೆಲ್ಲ ಬಟ್ಟೆಯಲ್ಲಿ ಸುತ್ತಿ ಅವನ ಕೈಗಿಟ್ಟು ಬಸ್ಸು ಹತ್ತಿಸಿದರು. ಏನು ಕೊಡಲಿ ಎಂದು ಕೇಳಿದ್ದಕ್ಕೆ "ಗಾಡಿ ಓಡಿತಂದ್ರ ಒಂದ ಕಾರ್ಡ ಬರಿ" ಎಂದರು.

ಮಂಗಳವಾರ ದವಾಖಾನೆಯ ಬೇವಿನ ಗಿಡದ ಕೆಳಗೆ ಉಡಚಪ್ಪ ಫಿಯಟ್ಟಿನ ಬಾನೆಟ್ಟು ತೆಗೆದ. ವಿಮಲಾಬಾಯಿ ಕುರ್ಚಿ ಹಾಕಿಸಿಕೊಂಡು ಕೂತರು. ಕರೆಯದಿದ್ದರೂ ಮುನಾಫ ಬಂದು ದೂರ ನಿಂತ. ಈ ತೂತು ಕೆಟ್ಟರೆ ಇನ್ನೊಂದು ತೂತಿಲ್ಲ, ಹೆಡ್ಡೇ ಗುಜರಿಗೆ. ಉಡಚಪ್ಪ ಡ್ರಿಲ್ಲು ಹಿಡಿದು ಕೆಟ್ಟ ತೂತನ್ನು ಅಗಲ ಮಾಡಿದ. ಚೂರು ಒಳಗೆ ಬೀಳದಂತೆ ಟ್ಯಾಪಿಗೆ ಗ್ರೀಸು ಮೆತ್ತಿದ, ಗುಣ್ಯಾ ಇಟ್ಟ, ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಮಧ್ಯೆ ಒಂದು ಕಡೆ ಟ್ಯಾಪು ಬಿಗಿಯಾಯಿತು. ಅವನು ಕೈ ಬಿಟ್ಟ. ಹಿಂದಕ್ಕೆ ಪೂರ್ತಿ ಬಿಚ್ಚಿ, ಒರೆಸಿ, ಮೊದಲಿನಿಂದ ಮತ್ತೆ ಇಳಿಸಿದ. ನಡು ಹೊತ್ತಿಗೆ ಬುಶ್ಶು ಕೂತು, ಅರದಿಂದ ಅದರ ತಲೆ ಸಮವಾಯಿತು.

ಕೊಳವೆ ಇಟ್ಟು ಫಿಯಟ್ಟಿನ ಬೋಲ್ಟನ್ನು ಎರಡೇ ಬೆರಳಿನಲ್ಲಿ ಹಿಡಿದು ತಿರುಗಿಸಿದ. ಒಂದು ಸುತ್ತು, ಎರಡು, ಮೂರು. ನಿಲ್ಲಲಿಲ್ಲ. ತಲೆ ತಾಗುವ ತನಕ ಬೆರಳಿನಲ್ಲೇ ಇಳಿಯಿತು. "ಯಾ ಅಲ್ಲಾ" ಎಂದ ಮುನಾಫ ಹತ್ತಿರ ಬಂದು ತನ್ನ ಪಾನಾವನ್ನು ಅವನ ಮುಂದೆ ಹಿಡಿದ. ವಿಮಲಾಬಾಯಿ ಮಾತ್ರ ಎದ್ದು ಒಳಗೆ ಹೋದರು.

ಬುಧವಾರ ಬೆಳಿಗ್ಗೆ "ಮುಂದ ಕೂಡು, ಬಿಸಿ ತೋರಸೋ ಮುಳ್ಳು ನೀನ ನೋಡಬೇಕು" ಎಂದು ಅವನನ್ನು ಪಕ್ಕದಲ್ಲೇ ಕೂರಿಸಿಕೊಂಡರು. ಕಾರಿನ ಮುಂದಿನ ಸೀಟಿನಲ್ಲಿ ಜನ್ಮದಲ್ಲಿ ಮೊದಲ ಸಲ ಕೂತ ಉಡಚಪ್ಪ ದಾರಿಯನ್ನೂ ನೋಡಲಿಲ್ಲ, ಹೊಲವನ್ನೂ ನೋಡಲಿಲ್ಲ. ಮುಳ್ಳು ನಡುವಿಗೆ ಬಂದು ಅಲ್ಲೇ ನಿಂತಿತು. ದುಂಡಸಿ ಬಂತು.

ಚಾವಡಿಯ ಕಟ್ಟೆಯ ತುಂಬ ಮಂದಿ. ಎಲ್ಲರಿಗಿಂತ ಮುಂದೆ ಒಬ್ಬ ಮುದುಕಿ, ಕುಡುಗೋಲು ತಾಗಿದ ಅಂಗೈ ಕೀವು ತುಂಬಿ ಬಾತಿತ್ತು. ವಿಮಲಾಬಾಯಿ ಅದನ್ನು ತೊಳೆಯತೊಡಗಿದರೆ ಅವಳ ಬಾಯಿ ನಿಲ್ಲಲೊಲ್ಲದು. "ಮೂರ ಬುಧವಾರ ಹಾದಿ ನೋಡೇನಿ ನನ ತಾಯಿ. ಗಾಡಿ ಕೆಟ್ಟೈತಿ ಅಂದ್ರು. ಯಾವ ಖೋಡಿ ಕೆಡಸಿದ್ನೋ, ಅವನ ಕೈ ಸೇದಿ ಬತ್ತಿ ಹೋಗಲಿ!"

"ಗಾಡಿ ಸುದ್ದ ಮಾಡಿದಾಂವ ಇಲ್ಲೇ ಇದ್ದಾನ ನೋಡವಾ" ಎಂದರು ವಿಮಲಾಬಾಯಿ, ಗಾಯದಿಂದ ಕಣ್ಣೆತ್ತದೆ. "ಉಡಚಪ್ಪ ಅಂತ."

ಅಷ್ಟೇ ಹೇಳಿದರು. ಅರ್ಧ ಮುಚ್ಚಿಟ್ಟು ಅವನ ಮಾನ ಕಾಯ್ದರು. ಮಂದಿಯೆಲ್ಲ ತಿರುಗಿ ಅವನಿಗೆ ಕೈ ಮುಗಿದರು. "ನಿನ್ನ ಹೊಟ್ಟಿ ತಣ್ಣಗಿರಲಿ ನನ ಮಗನ" ಎಂದು ಮುದುಕಿ ಹರಸಿದಳು. ಸುಮ್ಮನಿದ್ದಿದ್ದರೆ ಎಲ್ಲ ಅವನದಾಗುತ್ತಿತ್ತು. ಬಾಯಾರ ಒಪ್ಪಿಗೆ, ಮುನಾಫನ ಗ್ಯಾರೇಜು, ಈ ಹರಕೆ. ಉಡಚಪ್ಪ ಆ ಬಾತ ಕೈಯನ್ನೇ ನೋಡುತ್ತಿದ್ದ.

"ಅವ್ವಾ, ಕೆಡಸಿದಾಂವನೂ ನಾನ."

ಮುದುಕಿ ಅವನನ್ನು ಮೇಲಿನಿಂದ ಕೆಳಗಿನ ತನಕ ನೋಡಿದಳು. "ಕೈ ಇತ್ತಾಗ ತಾ" ಎಂದಳು. ಹೊಡೆಯುತ್ತಾಳೆಂದೇ ಅವನು ಮುಂದೆ ಚಾಚಿದ. ಅವಳು ತನ್ನ ಒಳ್ಳೆಯ ಕೈಯಿಂದ ಅವನ ಗ್ರೀಸು ಮೆತ್ತಿದ ಬೆರಳುಗಳನ್ನು ನೇವರಿಸಿ, ತನ್ನ ಕಪಾಲಕ್ಕೆ ಒತ್ತಿ ಲಟಿಕೆ ಮುರಿದಳು.

"ಸೇದಿ ಹೋಗಲಿ ಅಂದಿದ್ದೆ, ಆ ಮಾತ ನುಂಗಿದೆ. ನಮ್ಮ ಬಾಯಾರನ್ನ ಈ ಕೈ ಕರಕೊಂಡ ಬಂದೈತಿ. ನೂರ ವರ್ಷ ಇರಲಿ."

ಉಡಚಪ್ಪನಿಗೆ ತಡೆಯಲಾಗಲಿಲ್ಲ. ಅಷ್ಟು ಮಂದಿಯ ನಡುವೆ ಕೂಸಿನ ಹಾಗೆ ಅತ್ತ. ವಿಮಲಾಬಾಯಿ ಪಟ್ಟಿ ಕಟ್ಟಿ ಗಂಟು ಹಾಕಿ, ಕಾರಿನ ಚಾವಿಯನ್ನು ಅವನ ಕಡೆ ಚಾಚಿದರು.

"ಹಿಂಗ ಅತಗೋತ ನಿಂತ್ರ ಹೆಂಗಪಾ? ಹೋಗು, ಬಾನೆಟ್ ತಗದು ನೀರು ನೋಡು. ಮುಂದಿನ ಬುಧವಾರನೂ ನೀನ ನೋಡಬೇಕು, ಅದರ ಮುಂದಿಂದೂ ನೀನ."

ಅವನು ಎರಡೂ ಕೈ ಒಡ್ಡಿ ಚಾವಿ ತಗೊಂಡು ಗಾಡಿಯ ಕಡೆ ನಡೆದ.